ಎಮ್ಮೆ ಹೊಳೆದಂಡೆಗೆ ಹೋಗಿತ್ತು

ಮೊನ್ನೆ ಅಥಣಿಗೆ ತಮ್ಮನ ಮನೆಗೆ ಹೋದಾಗ ಹಿತ್ತಲಲ್ಲಿ ಎಮ್ಮೆಗೆ ತಿನ್ನಿಸುವ ಹತ್ತಿಕಾಳಿನ ಹೊಸ ಚೀಲ ಬಿಚ್ಚುತ್ತಿದ್ದರು. ಆ ಕಮಟು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಚಹಾ ಆರುವವರೆಗೆ ನಿಂತೇಬಿಟ್ಟೆ. ಐಗಳಿ ಊರಿನ ಮಾವಶಿಯ ಮನೆಯಲ್ಲಿ ಇದೇ ವಾಸನೆ ಇತ್ತು... ಎಮ್ಮೆ ಇಲ್ಲದ ದಿನವೂ ಇತ್ತು.

ಅವಳು ನನಗೆ ರಕ್ತಸಂಬಂಧಿಯಲ್ಲ. ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಸೀಮೆಯಲ್ಲಿ ಅವ್ವನ ವಾರಿಗೆಯ ಹೆಂಗಸರಿಗೆಲ್ಲ ಮಾವಶಿ ಎನ್ನುವುದೇ ರೂಢಿ. ಗಂಡ ತೀರಿದ್ದ. ಮಕ್ಕಳಿರಲಿಲ್ಲ. ವರ್ಷಕ್ಕೆ ಕೆಲವು ತಿಂಗಳು ನಿಪ್ಪಾಣಿಗೆ ಹೋಗಿ ತಂಬಾಕಿನ ಗೋದಾಮಿನಲ್ಲಿ ದುಡಿಯುತ್ತಿದ್ದಳು. ಆ ಧೂಳಿಗೆ ಕೆಮ್ಮು ಹತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಸರಕಾರ ಬಡವರಿಗೆ ಎಮ್ಮೆ ಕೊಡಿಸುತ್ತಿತ್ತು. ಅದರಿಂದ ಬಡತನ ಎಷ್ಟು ನೀಗಿತು ಎಂದು ನೋಡಿ ಬರೆಯುವ ಕೆಲಸ ಒಂದು ಸಂಸ್ಥೆಗೆ ಬಂದಿತ್ತು. ಅಲ್ಲಿ ನನಗೆ ನೌಕರಿ ಸಿಕ್ಕಿತು. ನಮ್ಮದು ಕುರಿ ಕಾಯುವ ಮನೆತನ. ನನಗಿಂತ ಮೊದಲು ನಮ್ಮಲ್ಲಿ ಯಾರೂ ಹೆಬ್ಬೆಟ್ಟಿನ ಶಾಯಿ ದಾಟಿದವರಲ್ಲ. ಬಿ.ಎ. ಆದವಳು ನಾನೊಬ್ಬಳೇ. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ.

ಮೊದಲ ದಿನ ಸಂಸ್ಥೆಯ ಸಾಹೇಬರು ಕಪ್ಪುಹಲಗೆಯ ಮೇಲೆ ಬರೆದು ತಿಳಿಸಿದ್ದರು. ಒಂದು ತಂಡ ಮನೆಮನೆಗೆ ಹೋಗಿ ಎಣಿಸುತ್ತದೆ. ಆಮೇಲೆ ನನ್ನಂಥವರು ಹೋಗಿ, ಕುಳಿತು, ಜನರ ಮಾತು ಕೇಳಿ ಬರೆಯಬೇಕು. ಎರಡನ್ನೂ ಎದುರುಬದುರು ಇಟ್ಟು ನೋಡಬೇಕು. ತಾಳೆಯಾಗದ ಕಡೆ ಮೂರನೆಯ ಸಲ ಹೋಗಿ ಕಣ್ಣಾರೆ ಕಾಣಬೇಕು. ಎಷ್ಟು ಚೆಂದದ ಮಾತು! ನಾನು ನಂಬಿದೆ.

ಎಣಿಕೆಯ ಹುಡುಗರು ಐಗಳಿಗೆ ಹೋದದ್ದು ಸುಡುಸುಡು ಬೇಸಿಗೆಯಲ್ಲಿ. ಸರಕಾರದ ಎಮ್ಮೆ ಪಡೆದಿದ್ದ ಮಾವಶಿಯ ಹೆಸರಿನ ಮುಂದೆ 'ಎಮ್ಮೆ ಇಲ್ಲ, ಮಾರಿದ್ದಾರೆ' ಎಂದು ಬರೆದುಕೊಂಡು ಬಂದರು. ಅದಾದ ಕೆಲವೇ ದಿನಕ್ಕೆ ನಾನು ಹೋದೆ.

"ಬಾ ಬೇ," ಎಂದು ಚಾಪೆ ಹಾಸಿದಳು. ನಮ್ಮ ಮನೆತನ ಕೇಳಿ ನಕ್ಕಳು. "ನಿಮ್ಮಪ್ಪ ಕುರಿ ಹಿಂದ ಅಡ್ಡಾಡಿದ, ನೀ ಬಿ.ಎ. ಮಾಡಿ ಎಮ್ಮಿ ಹಿಂದ ಅಡ್ಡಾಡಾಕತ್ತಿ. ಏನ ಸುದಾರಣಿ ಆತವಾ ನಿಮ್ದು!"

ನಾನೂ ನಕ್ಕೆ. ಅಂಗಳದ ಗೂಟದ ಸುತ್ತ ಸಗಣಿಯಿಂದ ಸಾರಿಸಿದ್ದು ಇನ್ನೂ ಹಸಿ ಇತ್ತು. ಮೂಲೆಯಲ್ಲಿ ಹತ್ತಿಕಾಳಿನ ಚೀಲ. ಎಮ್ಮೆ ಮಾರಿದವಳಿಗೆ ಹತ್ತಿಕಾಳು ಯಾಕೆ?

"ಎಮ್ಮಿ ಎಲ್ಲೈತಿ ಮಾವಶಿ?"

"ಜುಗೂಳದಾಗ, ನನ್ನ ತಂಗಿ ಮನ್ಯಾಗ. ಗಬ್ಬ ಐತಿ. ಬ್ಯಾಸಗ್ಯಾಗ ಇಲ್ಲಿಟ್ಟರ ಏನ ಕಲ್ಲ ತಿಂತೈತೇನ? ಅಲ್ಲಿ ಹೊಳಿದಂಡಿ, ಹಸಿ ಮೇವು. ಈಯೂ ಹೊತ್ತಿಗೆ ತರತೀನಿ."

"ಮತ್ತ ಆ ಹುಡುಗೂರಿಗೆ ಹೇಳಲಿಲ್ಲ?"

"ಹೇಳಾಕ ಎಲ್ಲಿ ಬಿಟ್ರು? 'ಮನ್ಯಾಗ ಎಮ್ಮಿ ಐತೋ ಇಲ್ಲೋ, ಅಷ್ಟ ಹೇಳು' ಅಂದ್ರು. ಇಲ್ಲ ಅಂದೆ. ಸುಳ್ಳ ಹೇಳಲ್ಯಾ? ಮಗ್ಗಲ ಮನಿಯಾಂವ ತನ್ನ ಎಮ್ಮಿ ಯಾವಾಗೋ ಮಾರ್ಯಾನ. ಅವತ್ತ ಮಾವನ ಎಮ್ಮಿ ಹೊಡಕೊಂಡ ಬಂದ ಕಟ್ಟಿದ. ಅಂವಗ ಐತಿ ಅಂತ ಬರಕೊಂಡ ಹ್ವಾದ್ರು."

ಯೋಜನೆಯಲ್ಲಿ ಇನ್ನೊಂದು ನಿಯಮವಿತ್ತು. ಮೊದಲ ಎಮ್ಮೆಯನ್ನು ಸರಿಯಾಗಿ ಸಾಕಿದವರಿಗೆ ಎರಡನೆಯದು. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿದ್ದರೆ ಮನೆಯಲ್ಲಿ ವರ್ಷವಿಡೀ ಹಾಲು. ಮಾವಶಿ ಕಾಯುತ್ತಿದ್ದದ್ದು ಅದಕ್ಕೇ. "ಇನ್ನೊಂದು ಬಂತಂದ್ರ ಆ ತಂಬಾಕದ ಗ್ವಾದಾಮಕ್ಕ ಕಾಲ ಇಡೂದಿಲ್ಲ ನೋಡು," ಎಂದಳು. ಎರಡನೆಯ ಗೂಟವನ್ನೂ ಆಗಲೇ ಹುಗಿದಿದ್ದಳು.

ನಾನು ಜುಗೂಳಕ್ಕೂ ಹೋದೆ. ಕೃಷ್ಣೆಯ ದಂಡೆಯಲ್ಲಿ ಹೊಟ್ಟೆ ತುಂಬ ಮೇಯ್ದು ಮಲಗಿತ್ತು ಎಮ್ಮೆ, ಸರಕಾರದ ಬಿಲ್ಲೆ ಕಿವಿಯಲ್ಲೇ ಇತ್ತು. ಕಂಡದ್ದನ್ನು, ಕೇಳಿದ್ದನ್ನು ಬರೆದು ಸಾಹೇಬರ ಮೇಜಿನ ಮೇಲಿಟ್ಟೆ.

ಓದಿದರು. "ಚಲೋ ಬರದೀರಿ. ಆದ್ರ ಅಂಕಿಸಂಖ್ಯಾ ಟೈಪ್ ಆಗಿ ಹೋಗೇತಿ. ಒಬ್ಬಾಕಿ ಎಮ್ಮಿ ಸಲುವಾಗಿ ಎಲ್ಲಾ ತಿದ್ದಾಕ ಆಗತೈತೇನ್ರಿ?"

"ಒಬ್ಬಾಕಿ ಅಲ್ರಿ ಸರ್. ಆ ಕಡೆ ಎಮ್ಮಿ ಮ್ಯಾಲ ಜೀಂವ ಇದ್ದವ್ರೆಲ್ಲಾ ಬ್ಯಾಸಗ್ಯಾಗ ಹೊಳಿದಂಡಿಗೆ ಕಳಸ್ತಾರ್ರಿ. ಸಾಕಿದವ್ರು ಕಳ್ಳರಾದ್ರು, ಮಾರಿದವ್ರು ಶಾಣ್ಯಾರಾದ್ರು. ಮೂರನೇ ಸಲ ಹೋಗೂಣು ಅಂದಿದ್ರೆಲ್ಲ..."

"ನಿಮ್ಮ ಕಥಿ ಕಡೀಕ ಅನುಬಂಧದಾಗ ಹಾಕೂಣು ಬಿಡ್ರಿ."

ಕಥೆಯಂತೆ! ವರದಿ ಅಚ್ಚಾಯಿತು. ದಪ್ಪ ರಟ್ಟು, ಒಳಗೆ ಬರೀ ಕೋಷ್ಟಕಗಳು. ಅನುಬಂಧವೇ ಇರಲಿಲ್ಲ. ಮುನ್ನುಡಿಯಲ್ಲಿ ಮಾತ್ರ 'ಜನರೊಂದಿಗೆ ಆಳವಾಗಿ ಮಾತನಾಡಿ' ಎಂಬ ಸಾಲಿತ್ತು. ಆ ವರದಿ ನೋಡಿ ಎರಡನೆಯ ಎಮ್ಮೆ ಹಂಚಿದರು. ಮಗ್ಗಲ ಮನೆಯವನಿಗೆ ಬಂತು. ಮಾವಶಿಗೆ ಬರಲಿಲ್ಲ. ನಾನು ಅರ್ಜಿ ಬರೆದುಕೊಟ್ಟೆ, ಎಮ್ಮೆ ಹಂಚುವ ಕಚೇರಿಗೆ ಅವಳ ಜೊತೆಗೂ ಹೋದೆ. ಅಲ್ಲಿಯವರು ನಮ್ಮ ವರದಿಯನ್ನೇ ತೆಗೆದು, ಅವಳ ಹೆಸರಿನ ಮುಂದಿನ 'ಮಾರಿದ್ದಾರೆ' ಎಂಬುದನ್ನು ನನಗೆ ತೋರಿಸಿದರು.

ಮುಂದಿನ ಬೇಸಿಗೆ ಮಳೆಯಿಲ್ಲದೆ ಇನ್ನೂ ಬಿರುಸಾಗಿತ್ತು. ನಾನು ಆ ನೌಕರಿ ಬಿಟ್ಟು ಶಾಲೆಯ ಕೆಲಸಕ್ಕೆ ಸೇರಿದ್ದೆ. ರಜೆಯಲ್ಲಿ ಐಗಳಿಗೆ ಹೋದರೆ ಅಂಗಳದಲ್ಲಿ ಎರಡು ಗೂಟವೂ ಇರಲಿಲ್ಲ. ಹತ್ತಿಕಾಳಿನ ವಾಸನೆಯೂ ಇರಲಿಲ್ಲ. ಬತ್ತಿದ ಒಂದೇ ಎಮ್ಮೆ ಕಟ್ಟಿಕೊಂಡು ಉಣ್ಣುವುದೇನು? ಮಾರಿದ್ದಳು. ನಿಪ್ಪಾಣಿಗೆ ಹೋಗಲು ಗಂಟು ಕಟ್ಟುತ್ತಿದ್ದಳು.

ನನ್ನನ್ನು ಕಂಡು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ...

"ಆ ಹುಡುಗೂರಿಗೆ ಹೇಳವಾ," ಎಂದಳು, "ಈಗ ಬಂದ ಬರಕೊಳ್ಳಲಿ. ಎಮ್ಮಿ ಖರೇನ ಇಲ್ಲ."

ಅದೇ ಕಡೆಯ ಭೇಟಿ. ಕೆಮ್ಮು ಹೆಚ್ಚಾಗಿ ನಿಪ್ಪಾಣಿಯಲ್ಲೇ ತೀರಿದಳು ಎಂಬ ಸುದ್ದಿ ಮಣ್ಣು ಮಾಡಿದ ಮೇಲೆ ನನಗೆ ಮುಟ್ಟಿತು. ಸಾಹೇಬರು ಬಡ್ತಿ ಪಡೆದು ದೊಡ್ಡ ಊರಿಗೆ ಹೋದರು.

"ಏನ ನೋಡಾಕತ್ತೀರಿ ಅಕ್ಕಾ? ಚಾ ಆರಿತ್ರಿ," ಎಂದಳು ತಮ್ಮನ ಹೆಂಡತಿ. ಏನಿಲ್ಲ ಎಂದೆ. ಚೀಲದಿಂದ ಒಂದು ಹಿಡಿ ಹತ್ತಿಕಾಳು ತೆಗೆದು ಅವರ ಎಮ್ಮೆಯ ಮುಂದೆ ಹಿಡಿದೆ. ಅಂಗೈಯೆಲ್ಲ ನೆಕ್ಕಿ ತಿಂದಿತು. ಊರಿಗೆ ಮರಳುವಾಗ ಬಸ್ಸಿನಲ್ಲಿ ಮೂಸಿ ನೋಡಿಕೊಂಡೆ. ಕೈಗೆ ಇನ್ನೂ ಅದೇ ವಾಸನೆ ಇತ್ತು.