ಸುಧಾಮಣಿ ಖಾಲಿ ಬಿಟ್ಟಿದ್ದ ಪೀರಿಯಡ್ಡುಗಳು

ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿ ಗಂಗಾಧರಸ್ವಾಮಿಗೆ ಖಾಲಿ ಜಾಗ ಕಂಡರೆ ಮೈ ಉರಿಯುತ್ತಿತ್ತು. ಕೇರಳದ ಲಾರಿಗೆ ಅರ್ಧ ತುಂಬಿದರೂ ಅದೇ ಬಾಡಿಗೆ, ಪೂರ್ತಿ ತುಂಬಿದರೂ ಅದೇ ಬಾಡಿಗೆ. ಹಾಗಾಗಿ ಟೊಮ್ಯಾಟೊ ಕ್ರೇಟುಗಳ ಸಂದಿಗೆ ಬೀನ್ಸು, ಬೀನ್ಸಿನ ಸಂದಿಗೆ ಹಸಿಮೆಣಸಿನಕಾಯಿ ತುರುಕುವನು. ಅವನು ತುಂಬಿಸಿದ ಲಾರಿಯಲ್ಲಿ ನೊಣವೊಂದು ಸಿಕ್ಕಿಕೊಂಡರೆ, ಬಂಡೀಪುರ ದಾಟಿ ಮಾಲು ಇಳಿಸುವವರೆಗೂ ಅದಕ್ಕೆ ರೆಕ್ಕೆ ಬಿಚ್ಚಲು ಆಗುತ್ತಿರಲಿಲ್ಲ.

ಮಗಳು ಸುಧಾಮಣಿಯನ್ನು ಚಾಮರಾಜನಗರದ ಕಾಲೇಜಿಗೆ ಕಳಿಸುವಾಗ ಅವನು ಹಾಕಿದ್ದು ಒಂದೇ ಕರಾರು: ಒಂದು ಸಬ್ಜೆಕ್ಟ್ ಹೋದರೂ ಓದು ಬಂದ್. ಅದಕ್ಕೇ ಅವಳು ಸಂಜೆವರೆಗೆ ಲ್ಯಾಬಿನಲ್ಲಿ ನಿಲ್ಲಿಸುವ ಬಿ.ಎಸ್ಸಿ. ಬಿಟ್ಟು ಬಿ.ಎ. ಸೇರಿದಳು. ಮೊದಲ ಸೆಮಿಸ್ಟರಿನ ಟೈಮ್‌ಟೇಬಲ್ಲನ್ನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದಳು. ದಿನವೂ ಮೊದಲ ಪೀರಿಯಡ್ಡೇ ಅರ್ಥಶಾಸ್ತ್ರ, ಅವಳಿಗೆ ಕಷ್ಟದ್ದು. ಆದ್ದರಿಂದ ಮಧ್ಯಾಹ್ನ ಲೈಬ್ರರಿಗೆಂದು ಎರಡು ಪೀರಿಯಡ್ಡು ಬಿಟ್ಟುಕೊಂಡು, ನಾಲ್ಕೂವರೆ ಬಸ್ಸಿಗೆ ಮನೆ ಎಂದು ಗೊತ್ತು ಮಾಡಿಕೊಂಡಳು.

ಆ ಹಾಳೆ ಅಪ್ಪನ ಕಣ್ಣಿಗೆ ಬಿತ್ತು.

"ಇದ್ಯಾಕಮ್ಮಿ ಇಷ್ಟೊಂದು ಖಾಲಿ ಬುಟ್ಟಿದ್ದೀಯೆ?"

"ಓದ್ಕಳಕೆ ಅಪ್ಪಾಜಿ."

"ಕಾಲೇಜ್ಗೆ ಓಗದು ಓದಕ್ಕೇ ತಾನೆ. ಅಲ್ಲೋಗಿ ಇನ್ನೊಂದ್ಸಲ ಯಾತಕ್ಕೆ ಓದದು?"

ಕಾಲೇಜಿನ ಸರ್ಟಿಫಿಕೇಟ್ ಕೋರ್ಸುಗಳಿಗೆ ಫೀಸಿಲ್ಲ ಎಂದು ಗೊತ್ತಾದ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಟ್ಯಾಲಿ, ಸ್ಪೋಕನ್ ಇಂಗ್ಲಿಷ್, ಅಣಬೆ ಬೇಸಾಯ, ಯೋಗ, ನಾಲ್ಕಕ್ಕೂ ಟಿಕ್ ಹಾಕಿ ಸಹಿ ಮಾಡಿದ. ಆನೆ ಪಳಗಿಸುವ ಕೋರ್ಸಿದ್ದರೆ ಅದನ್ನೂ ಬಿಡುತ್ತಿರಲಿಲ್ಲ. ಆಗಲ್ಲ ಎಂದು ಮಗಳು ಬೇಡಿಕೊಂಡಳು. ತರಕಾರಿ ಮಂಡಿಯಲ್ಲೆಲ್ಲ ಹೇಳಿಕೊಂಡಾಗಿದೆ, ಈಗ ಹೆಸರು ತೆಗೆಸಿದರೆ ಮಾನ ಹೋಗುತ್ತದೆ ಎಂದ.

ಲೈಬ್ರರಿಯ ಹೊತ್ತನ್ನು ಅಣಬೆ ನುಂಗಿತು. ಟ್ಯಾಲಿ, ಇಂಗ್ಲಿಷ್ ಮುಗಿಸಿ ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಯೋಗ, ಅದಕ್ಕೆ ಆರೂವರೆ ಬಸ್ಸು. ಯೋಗದ ಕೊನೆಗೆ ಶವಾಸನ. ಚಾಪೆಗೆ ಬೆನ್ನು ತಾಗಿದರೆ ಸುಧಾಮಣಿ ಸೀದಾ ಪಾತಾಳಕ್ಕೆ ಇಳಿಯುವಳು. ಪಕ್ಕದಲ್ಲೇ ರೈಲು ಹೋದರೂ ಎಚ್ಚರವಾಗುತ್ತಿರಲಿಲ್ಲ. ಇಂಥ ಶವಾಸನವನ್ನು ತಮ್ಮ ಜನ್ಮದಲ್ಲಿ ಕಂಡಿಲ್ಲವೆಂದು ಯೋಗದ ಮೇಷ್ಟ್ರು ಅವಳನ್ನು ಹಾಗೇ ಬಿಟ್ಟು ಹೋಗುವರು. ಅವಳು ಕಣ್ಣು ಬಿಡುವಷ್ಟರಲ್ಲಿ ಎಷ್ಟೋ ದಿನ ಅರ್ಥಶಾಸ್ತ್ರದ ಹಾಜರಿ ಮುಗಿದಿರುತ್ತಿತ್ತು.

ಸೆಮಿಸ್ಟರಿನ ಕೊನೆಗೆ ಹಾಜರಿ ಕೊರತೆಯ ಪಟ್ಟಿ ಅಂಟಿಸಿದರು. ಶೇಕಡಾ ಎಪ್ಪತ್ತೈದು ಬೇಕಿದ್ದ ಕಡೆ ಅವಳದು ಐವತ್ತೆಂಟು. ಅರ್ಥಶಾಸ್ತ್ರದ ಪರೀಕ್ಷೆಗೆ ಕೂರುವಂತಿಲ್ಲ. ಗಂಗಾಧರಸ್ವಾಮಿ ನಾಲ್ಕು ಸರ್ಟಿಫಿಕೇಟುಗಳನ್ನೂ ಹಿಡಿದು ಹೋಗಿ, ವಿಭಾಗದ ಮುಖ್ಯಸ್ಥ ರಘುನಾಥರ ಮೇಜಿನ ಮೇಲೆ ಹರಡಿದ.

"ಇದ್ರಲ್ಲಿ ಎರಡ ನೀವೇ ಮಡಿಕಳಿ ಸಾ. ಆ ಅಟೆಂಡೆನ್ಸ್ ಒಂದ ಕೊಟ್ಬುಡಿ."

ರಘುನಾಥರು ಸರ್ಟಿಫಿಕೇಟುಗಳನ್ನು ಜೋಡಿಸಿ ಅವನ ಕೈಗೇ ಕೊಟ್ಟರು. ಮಗಳು ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದಳು.

ಉಳಿದ ಪತ್ರಿಕೆಗಳನ್ನೆಲ್ಲ ಸುಧಾಮಣಿ ಪಾಸು ಮಾಡಿದಳು. ಅಪ್ಪ ಮಾತ್ರ ಕರಾರಿಗೆ ಅಂಟಿಕೊಂಡ. ಈಗ ಅವಳು ಮಂಡಿಯಲ್ಲಿ ತೂಕ ಬರೆದುಕೊಳ್ಳುತ್ತಾಳೆ. ಮೊನ್ನೆ ಹರವೆಯಿಂದ ಬೀನ್ಸ್ ತಂದ ರೈತ ಶಿವಮಲ್ಲು, ಮಗಳು ಕಾಲೇಜು ಯಾಕೆ ಬಿಟ್ಟಳೆಂದು ಕೇಳಿದ.

"ತಲೆಗೆ ಹತ್ನಿಲ್ಲ ಕಣ್ಲಾ," ಎಂದ ಗಂಗಾಧರಸ್ವಾಮಿ. "ನಾನೇನ್ ಕಮ್ಮಿ ಮಾಡಿದ್ನಾ?"

ಸುಧಾಮಣಿ ಪೆನ್ನು ಕೆಳಗಿಟ್ಟಳು.

"ಅಪ್ಪಾಜಿ, ನಿಲ್ಸಿದ್ದು ನೀವು ಅಂತ ಯೋಳಿ. ಅಷ್ಟಾದ್ರೂ ಯೋಳಿ."

ಶಿವಮಲ್ಲು ಒಮ್ಮೆ ಅವಳ ಮುಖ, ಒಮ್ಮೆ ಅವನ ಮುಖ ನೋಡಿದ. ಗಂಗಾಧರಸ್ವಾಮಿ ಬಾರದ ಫೋನನ್ನು ಕಿವಿಗಿಟ್ಟುಕೊಂಡು, ಟೊಮ್ಯಾಟೊ ರೇಟು ಕೇಳುತ್ತ ಬೀದಿಗಿಳಿದ.