ದಾರ ಅಂದುಕೊಂಡ ಮಿಡತೆ ಮೀಸೆ

ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಗುಮ್ಮಘಟ್ಟದ ಶೇಂಗಾ ಹೊಲದಲ್ಲಿ ಬೋರಲು ಮಲಗಿ, ಗಿಡದ ಹಿಂದೆ ಕರಿ ಜೀನ್ಸ್ ಬಟ್ಟೆ ಕಟ್ಟಿ, ಒಂದು ಹಸಿರು ಮಿಡತೆಯ ಫೋಟೊ ತೆಗೆದಿದ್ದೆ. ಅದರ ಮೀಸೆ ಮೈಗಿಂತ ಉದ್ದ. ಆ ಜಾತಿಯ ಗುರುತೇ ಅದು. ಮೋಡದ ಬೆಳಕಾದ್ದರಿಂದ ಹಿಂದಿನ ಕಪ್ಪಿನ ಮೇಲೆಲ್ಲ ಮರಳು ಎರಚಿದಂತೆ ಸಣ್ಣ ಚುಕ್ಕೆಗಳ ನಾಯ್ಸ್ ಬಂದಿತ್ತು.

ಮರುದಿನ ಬೆಳುಗುಪ್ಪದ ಶಾಲೆಯಲ್ಲಿ ಮಕ್ಕಳಿಗೆ ತೋರಿಸಬೇಕಿತ್ತು. ರಾಯದುರ್ಗದ ಸ್ಟುಡಿಯೊದವನಿಗೆ ಕ್ಯಾಮೆರಾದ ಕಾರ್ಡ್ ಕೊಟ್ಟು, "ಹಿಂದಿನ ಮರಳಷ್ಟೇ ತೆಗೀರಿ, ಹುಳ ಮುಟ್ಟಬ್ಯಾಡ್ರಿ" ಎಂದು ಸಾರಿ ಸಾರಿ ಹೇಳಿದ್ದೆ.

ಸಂಜೆ ಹೋದರೆ ದೊಡ್ಡ ಪ್ರಿಂಟು ರೆಡಿ. ಹಿನ್ನೆಲೆ ನುಣ್ಣಗೆ ಕಪ್ಪು. ಮಿಡತೆಗೆ ಮೀಸೆಯೇ ಇಲ್ಲ!

"ಮೀಸಿ ಎಲ್ಲಿ ಹೋತ್ರೀ?" ಎಂದು ಕಿರುಚಿದೆ.

"ಅದು ಮೀಸೀನಾ? ಹಿಂದಿನ ಬಟ್ಟಿ ದಾರ ಎದ್ದಾವ ಅಂದ್ಕೊಂಡು ಅಳಿಸಿಬಿಟ್ಟೆ ರೀ. ಮುಂಚೆ ಗಾರ್ಮೆಂಟ್ಸ್‌ನಾಗ ಪ್ಯಾಂಟಿನ ದಾರ ಕತ್ತರಿಸ್ತಿದ್ದೆ. ದಾರ ಕಂಡ್ರ ಕೈ ಸುಮ್ನಿರಂಗಿಲ್ರಿ."

"ನಾ ತೆಗೆದಿದ್ದನ್ನೇ ಮತ್ತ ಪ್ರಿಂಟ್ ಹಾಕ್ರಿ!"

"ಕಾರ್ಡಿನಾಗ ಅದರ ಮ್ಯಾಲೇ ಸೇವ್ ಮಾಡೀನ್ರಿ, ಹಳೇದು ಹೋತು."

"ಮಕ್ಕಳಿಗೆ ಇದನ್ನ ಯಾವ ಹುಳ ಅಂತ ತೋರಿಸ್ಲಿ?"

ನನ್ನ ಕೂಗಿಗೆ ಬೀದಿಯವರೆಲ್ಲ ಬಾಗಿಲಲ್ಲಿ ಸೇರಿದರು. ಆತ ಮಾತ್ರ ನನ್ನ ಅಂಗಿಯನ್ನೇ ನೋಡುತ್ತಿದ್ದ. ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡು, ನನ್ನ ಎದೆಯ ಮೇಲೆ ನೇತಾಡುತ್ತಿದ್ದ ದಾರವೊಂದನ್ನು ಕಚಕ್ಕನೆ ಕತ್ತರಿಸಿ, "ಈಗ ನೀಟಾತು ನೋಡ್ರಿ" ಎಂದ.

ಆ ದಾರಕ್ಕೇ ಜೋತುಬಿದ್ದಿದ್ದ ನನ್ನ ಗುಂಡಿ ಪ್ರಿಂಟರಿನ ಕೆಳಗೆ ಉರುಳಿಹೋಯಿತು.