ಕಂಪೌಂಡರ್ ಕಾಕಾರ ಪಟ್ಟಿ

ನಾನು ನಿಂತಿದ್ದದ್ದು ಜಹೀರಾಬಾದಿನ ನಮ್ಮ ಓಣಿಯಲ್ಲಿ, ಕಂಪೌಂಡರ್ ಕಾಕಾರ ಮನೆಯ ಪಡಸಾಲೆಯಲ್ಲಿ, ಅವರ ಕುರ್ಚಿಯ ಎಡಗಡೆ. ಆರು ವರ್ಷದ ಹಿಂದಿನ ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ದಾಟಿ ಹತ್ತು ನಿಮಿಷ. ವೇಳೆಯನ್ನು ಖಚಿತವಾಗಿ ಹೇಳಬಲ್ಲೆ. ಕಡತ ಅಳಿಸಿದ ಮೇಲೆ ನಾನು ಮೊದಲು ನೋಡಿದ್ದು ಫೋನಿನ ಮೂಲೆಯಲ್ಲಿದ್ದ ಗಡಿಯಾರವನ್ನು.

ಹೋದ ವಾರ ನನ್ನ ಸ್ವಂತ ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಂಡೆ. ಅದರಲ್ಲಿದ್ದದ್ದು ಫೋನಿನಲ್ಲೂ ತಾನಾಗಿಯೇ ಇರಲಿ ಎಂದು ಸಿಂಕ್ ತಂತ್ರಾಂಶವನ್ನೂ ಹಾಕತೊಡಗಿದೆ. ಅಳಿಸಿದ ಕಡತಗಳ ಹಳೆಯ ಪ್ರತಿ ಇಟ್ಟುಕೊಳ್ಳಬೇಕೇ ಎಂಬ ಆಯ್ಕೆ ಬಂತು. ಅಲ್ಲಿ ಮೊದಲೇ ‘ಬೇಡ’ ಎಂದು ಇತ್ತು. ನನ್ನ ಬೆರಳು ಅಲ್ಲೇ ನಿಂತುಬಿಟ್ಟಿತು... ಆ ಸೋಮವಾರ ಕಾಕಾರ ಲ್ಯಾಪ್‌ಟಾಪಿನಲ್ಲಿ ಇದೇ ಸಾಲನ್ನು ಓದದೆ ಮುಂದೆ ಹೋಗಿದ್ದೆ.

ಕಾಕಾ ನನ್ನ ಸಂಬಂಧಿಕರಲ್ಲ, ಪಕ್ಕದ ಮನೆಯವರು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಲೇ ನಿವೃತ್ತರಾದವರು. ಓಣಿಯವರು ಮಾತ್ರ ಕಂಪೌಂಡರ್ ಎಂದೇ ಕರೆಯುತ್ತಿದ್ದರು. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈ ಮೂರೂ ಕಡೆ ಅಪರೂಪದ ಗುಂಪಿನ ರಕ್ತ ಯಾರ್ಯಾರದು ಎಂಬ ಪಟ್ಟಿಯೊಂದು ಅವರ ಬಳಿ ಇತ್ತು. ಪ್ರತಿ ಅಮಾವಾಸ್ಯೆಗೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರು. ರಕ್ತ ಕೇಳಲು ಅಲ್ಲ, ಆರಾಮಿದ್ದೀರಾ ಎಂದು ವಿಚಾರಿಸಲು. ಕಾಮಾಲೆ ಆದವರಿಗೆ, ಬಸುರಿಯರಿಗೆ ರಕ್ತ ಕೊಡಬಾರದವರೆಂದು ಗುರುತು ಹಾಕುತ್ತಿದ್ದರು. ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗಿ ಬಂದು, ಅದೇ ದಿನ ಆ ಸಾಲು ತೆಗೆಯುತ್ತಿದ್ದರು.

“ಸತ್ತವನ ಮನಿಗಿ ರಕ್ತ ಕೇಳಾಕ ಫೋನ್ ಹೋಗಬಾರದು ನೋಡು,” ಎನ್ನುತ್ತಿದ್ದರು.

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಅವರ ಹಳೆಯ ಲ್ಯಾಪ್‌ಟಾಪ್ ತೀರ ನಿಧಾನವಾದಾಗ ಅದಕ್ಕೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ಪಟ್ಟಿ ಅವರ ಫೋನಿನಲ್ಲೂ ಇದ್ದರೆ ಎಲ್ಲಿದ್ದರೂ ನೋಡಬಹುದು ಎಂದು ಆ ಸೋಮವಾರ ದುಂಬಾಲು ಬಿದ್ದವನೂ ನಾನೇ.

“ನಿನ್ನ ಲಿನಕ್ಸು ನಿನ್ನಂಗೇ ಅದ. ಕರೀಲಾರದ ಬರ್ತದ, ಬಂದ ಮ್ಯಾಲ ಚಾ ಕುಡದೇ ಹೋಗ್ತದ,” ಅಂದರು ಕಾಕಾ.

ಅಡುಗೆಮನೆಯ ಬಾಗಿಲಲ್ಲಿ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದ ಕಾಕಿ, “ಚಾ ಮಾಡಾಕಿ ನಾ. ನಿಮಗೇನ್ರಿ ತಕಲೀಫು?” ಅಂದರು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಲ್ಯಾಪ್‌ಟಾಪಿನೊಳಗಿನ ಗಡಿಯಾರ ನಡೆಸುವ ಗುಂಡಿಯಂಥ ಸೆಲ್ ಮುಗಿದಿತ್ತು. ಅದಕ್ಕೇ ಪ್ರತಿ ಸಲ ಚಾಲೂ ಮಾಡಿದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಕಾಕಾ ಇಂಟರ್ನೆಟ್ ಇಲ್ಲದೆಯೇ ಬರೆಯುತ್ತಿದ್ದರು. ಹೀಗಾಗಿ ಅವರ ಹೊಸ ಪಟ್ಟಿಯ ಮೇಲೆ ಹಳೆಯ ತಾರೀಖು ಬಿದ್ದಿತ್ತು. ಫೋನಿನಲ್ಲಿ ಮೊದಲೇ ಇದ್ದದ್ದು ನಾಲ್ಕು ವರ್ಷದ ಹಿಂದಿನ ಪಟ್ಟಿ. ಎರಡನ್ನೂ ಜೋಡಿಸಿದಾಗ ತಂತ್ರಾಂಶ ಫೋನಿನದನ್ನೇ ಹೊಸದೆಂದು ತಿಳಿದು, ಲ್ಯಾಪ್‌ಟಾಪಿನದಕ್ಕೆ ಉದ್ದನೆಯ ಹೆಸರು ಕೊಟ್ಟು ಪಕ್ಕಕ್ಕಿಟ್ಟಿತು. ಪಕ್ಕಕ್ಕಿಟ್ಟಿತ್ತು, ಕಳೆದಿರಲಿಲ್ಲ. ನಾನು ಅದರ ತಾರೀಖು ನೋಡಿ, ಹಳೆಯ ಕಸ ಎಂದುಕೊಂಡು, ಫೋನಿನಿಂದ ಅಳಿಸಿದೆ. ತೆರೆದು ನೋಡಲಿಲ್ಲ. ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯೂ ಅಳಿಸುವುದೇ ಆ ತಂತ್ರಾಂಶದ ಕೆಲಸ. ಲ್ಯಾಪ್‌ಟಾಪಿನ ಕಸದ ಬುಟ್ಟಿ ನೋಡಿದೆ. ಖಾಲಿ ಇತ್ತು.

ಐದು ನಿಮಿಷವೂ ಆಗಿರಲಿಲ್ಲ, ಆಸ್ಪತ್ರೆಯಿಂದ ಕಾಕಾರಿಗೆ ಫೋನ್ ಬಂತು. ಸಿರ್ಗಾಪುರದ ಹೆಣ್ಣುಮಗಳು, ನಾರಾಯಣಖೇಡದಲ್ಲಿ ಹೆರಿಗೆ ಆಗಿದೆ, ರಕ್ತ ನಿಲ್ಲುತ್ತಿಲ್ಲ, ಜಹೀರಾಬಾದಿಗೆ ಕರೆತಂದಿದ್ದಾರೆ. ಓ ನೆಗೆಟಿವ್. ಇದ್ದ ಒಂದು ಬಾಟ್ಲಿ ಹಾಕಿಯಾಗಿದೆ, ಇನ್ನೊಂದು ಬೇಕು, ಮಧ್ಯಾಹ್ನ ಎರಡರೊಳಗೆ ಕೊಡುವವರು ಬರಬೇಕು.

ಕಾಕಾ ಕನ್ನಡಕ ಹಾಕಿಕೊಂಡು ಪಟ್ಟಿ ತೆರೆದರು. “ಇದು ಹಳೇದು. ಹೊಸದು ಎಲ್ಲದ?”

“ಹೋತ್ರಿ, ಕಾಕಾ.”

ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಬೈಯಲಿಲ್ಲ. “ನೋಡಕೋತ ನಿಂದರಬ್ಯಾಡ. ಇದ್ದದ್ದರಾಗೇ ಫೋನ್ ಹಚ್ಚು.” ಅವರು ಕಾಕಿಯ ಫೋನಿನಿಂದ ಡಾಕ್ಟರ ಜೊತೆ ಮಾತಿಗೆ ನಿಂತರು. ಹಳೆಯ ಪಟ್ಟಿಯ ನಂಬರುಗಳಿಗೆ ನಾನು ಅವರ ಫೋನಿನಿಂದ ಹಚ್ಚತೊಡಗಿದೆ.

ಮೊದಲನೆಯದು ಬಂದ್ ಆಗಿತ್ತು. ಎರಡನೆಯವರಿಗೆ ಕಾಮಾಲೆ ಆಗಿ ಹೋಗಿತ್ತು. ಮೂರನೆಯದು ನಾರಾಯಣಖೇಡದ್ದು. ಎತ್ತಿದ್ದು ವಯಸ್ಸಾದವರ ದನಿ. ಪಟ್ಟಿಯಲ್ಲಿದ್ದ ಹೆಸರು ಹೇಳಿ, ಅವರಿಗೆ ಕೊಡ್ರಿ ಅಂದೆ. ಆ ಕಡೆ ಯಾರೋ ಕೊಡ ಇಳಿಸಿದ ಸದ್ದು ಕೇಳಿಸಿತು.

“ಯಾರ್ರಿ ನೀವು?”

“ಕಂಪೌಂಡರ್ ಕಾಕಾರ ಮನಿಯಿಂದ್ರಿ. ಓ ನೆಗೆಟಿವ್ ರಕ್ತ ಬೇಕಾಗೇದ.”

“ನನ್ನ ಮಗ ಹೋಗಿ ಮೂರು ವರ್ಸಾತು. ಕಂಪೌಂಡರ್ ಸಾಬ್ ಮಣ್ಣಿಗಿ ಬಂದಿದ್ರು. ಅವರಿಗಿ ಮರತೇ ಹೋತೇನು?”

ಕಾಕಾ ನನ್ನ ಮುಖ ನೋಡಿಯೇ ಬಂದು ಫೋನ್ ತೆಗೆದುಕೊಂಡರು. ಒಂದೆರಡು ಕ್ಷಣ ಕೇಳಿಸಿಕೊಂಡರು. “ಹೌದ್ರಿ. ಮರ್ತೆ. ತಪ್ಪು ನಂದೇ ಅದ,” ಅಂದರು. ಇಷ್ಟೇ ಅಂದರು.

ಆಮೇಲೆ ಪಟ್ಟಿಯನ್ನು ಮುಚ್ಚಿಬಿಟ್ಟರು. ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮೇಲೇರಿಸಿ, ತಮ್ಮದೇ ಮೊಣಕೈಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಕಣ್ಣು ಮುಚ್ಚಿದರು. ಅವರಿಗೆ ನಂಬರು ನೆನಪಿರುತ್ತಿರಲಿಲ್ಲ, ಹೆಸರೂ ಕೆಲವೊಮ್ಮೆ ತಪ್ಪುತ್ತಿತ್ತು. ಸೂಜಿ ಚುಚ್ಚಿದ ಕೈಗಳು ನೆನಪಿದ್ದವು.

“ತಾಂಡೂರ... ಎಡಗೈ ಸುಟ್ಟದ. ಬಲಗೈಯಾಗ ನರ ಭಾಳ ಆಳ, ಬೆರಳಿಲೇ ಹುಡಕಬೇಕು... ಮಾರ್ಕೆಟಿನ್ಯಾಗ ತೊಗರಿ ತೂಗತಾನ.”

ತಾಂಡೂರು ಸ್ಟೇಷನ್ ಎದುರಿನ ಚಹಾ ಹೋಟೆಲಿನವರು ಕಾಕಾರಿಗೆ ಗುರುತು. ಅವರಿಗೆ ಫೋನ್ ಹಚ್ಚಿಸಿ, ಕೈ ಸುಟ್ಟ ತೂಕದವನನ್ನು ಹುಡುಕಿಸಿದರು. ಕಾಕಿ ಸೊಪ್ಪನ್ನು ಅಲ್ಲೇ ಬಿಟ್ಟು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಆ ಮನುಷ್ಯನೇ ಫೋನ್ ಮಾಡಿದ.

“ಕಾಕಾ, ಮುಂಜಾನಿ ರೊಟ್ಟಿ ತಿಂದೀನ್ರಿ. ಹೊಂಟೆ.”

“ಗಾಡಿ ಜೋರ್ ಓಡಸಬ್ಯಾಡ. ನೀ ಬಿದ್ರ ನಿನಗ ಯಾರ ರಕ್ತ ತರಲಿ?”

ಒಂದೂ ಇಪ್ಪತ್ತಕ್ಕೆ, ಕಾಕಾ ಮತ್ತು ನಾನು ಕಾಯುತ್ತಿದ್ದ ಆಸ್ಪತ್ರೆಯ ಮೆಟ್ಟಿಲೇರಿ ಬಂದ. ಅಂಗಿಯ ಮೇಲೆಲ್ಲ ತೊಗರಿಯ ಧೂಳು. ನರ ಹುಡುಕಲು ನರ್ಸ್ ಎರಡು ಸಲ ಸೋತಳು. ಮೂರನೆಯ ಸಲ ಕಾಕಾ ತಾವೇ ಜಾಗ ಮುಟ್ಟಿ ತೋರಿಸಿದರು. ಸಿರ್ಗಾಪುರದ ಹೆಣ್ಣುಮಗಳು ಉಳಿದಳು.

ಮರುದಿನ ಬೆಳಗಿನ ಬಸ್ಸಿಗೆ ಕಾಕಾ ನಾರಾಯಣಖೇಡಕ್ಕೆ ಹೊರಟರು. ಬಾ ಅನ್ನಲಿಲ್ಲ, ನಾನೇ ಹೋದೆ. ಆ ತಂದೆ ನಮಗೆ ಚಾಪೆ ಹಾಸಿ ಚಹಾ ಕೊಡಿಸಿದರು.

“ವಯಸ್ಸಾತು, ಮರೀತದ. ನಂಗೂ ಮರೀತದ. ಅವನು ಎಂಟು ಸಲ ರಕ್ತ ಕೊಟ್ಟಿದ್ದ, ಸಾಬ್. ನೀವು ಮರೀಬಾರದಿತ್ತು,” ಅಂದರು.

ಕಾಕಾ ತಲೆ ಬಗ್ಗಿಸಿ ಕೂತಿದ್ದರು. ಅವರಿಂದ ಒಂದು ಮೊಳ ದೂರದಲ್ಲಿ ನಾನು, ಕೈಯಲ್ಲಿ ಚಹಾದ ಲೋಟ. ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಹೇಳಲಿಲ್ಲ.

ವಾಪಸ್ ಬಸ್ಸಿನಲ್ಲಿ, ನಾನು ಹೇಳಬೇಕಿತ್ತು ಕಾಕಾ, ಅಂದೆ. ಅವರು ಕಿಟಕಿಯ ಹೊರಗೆ ನೋಡುತ್ತಲೇ ಅಂದರು: “ಪಟ್ಟಿ ಕಳದದ ಅಂತ ಗೊತ್ತಾದ್ರ ಮಂದಿ ಮತ್ತ ಹೆಸರು ಬರಸಾಕ ಹೆದರ್ತಾರ. ಮುದುಕ ಮರ್ತ ಅಂದ್ರ ಯಾರೂ ಹೆದರಲ್ಲ. ನಾ ಇರೋತನ ಸುಮ್ಮನಿರು.”

ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆ ಮನೆ ತಿರುಗಿ ಪಟ್ಟಿಯನ್ನು ಮತ್ತೆ ಬರೆದರು. ಪೂರ್ತಿ ಆಗಲಿಲ್ಲ... ಎಷ್ಟು ಉಳಿಯಿತೆಂದು ನನಗೆ ಗೊತ್ತಿಲ್ಲ. ಆ ಲ್ಯಾಪ್‌ಟಾಪನ್ನು ಮಾತ್ರ ಅವರು ಮತ್ತೆ ನನ್ನ ಕೈಗೆ ಕೊಡಲಿಲ್ಲ. ಮನೆಗೆ ಹೋದಾಗ ಚಹಾ ಕೊಡುವುದನ್ನೂ ಬಿಡಲಿಲ್ಲ.

ಕಾಕಾ ಹೋಗಿ ಈಗ ಎರಡು ವರ್ಷ. ಅಂದು ಪಡಸಾಲೆಯಲ್ಲಿ ಎಲ್ಲ ನೋಡಿದವರಲ್ಲಿ ಕಾಕಿ ಇದ್ದಾರೆ. ಅವರಿಗೆ ನಿಜ ಗೊತ್ತು, ಎಂದೂ ಆ ಮಾತು ತೆಗೆದಿಲ್ಲ. ತಾಂಡೂರಿನಲ್ಲಿ ತೊಗರಿ ತೂಗುವವನು ಇದ್ದಾನೆ. ಸಿರ್ಗಾಪುರದ ಹೆಣ್ಣುಮಗಳು ಇದ್ದಾಳೆ. ನಾರಾಯಣಖೇಡದ ಆ ತಂದೆಯೂ ಇದ್ದಾರೆ. ಕಂಪೌಂಡರ್ ಸಾಬ್ ತಮ್ಮ ಮಗನನ್ನು ಮರೆತರು ಎಂದೇ ಅವರು ಇಂದಿಗೂ ತಿಳಿದಿದ್ದಾರೆ.